ಎರಡು ವರ್ಷವಾದರೂ ಸೈಪ್ರೆಸ್ ಕಾಂಡದ ಗಾಯ ಮುಚ್ಚಿಲ್ಲ, ಯಾವ ಲೇಪ ಹಚ್ಚಲಿ?

ಪ್ರಶ್ನೆ: ನಮ್ಮ ತಾರಸಿಯ ಮೇಲೆ ಬೆಂಗಳೂರಿನಿಂದ ತಂದ ಬಾಲ್ಡ್ ಸೈಪ್ರೆಸ್ ಗಿಡವೊಂದಿದೆ. ಬುಡದ ದಪ್ಪ 4 ಇಂಚು. ಎರಡು ವರ್ಷಗಳ ಹಿಂದೆ ಫೆಬ್ರುವರಿಯಲ್ಲಿ ಮಣ್ಣಿನಿಂದ 16 ಇಂಚು ಎತ್ತರದಲ್ಲಿ ಗರಗಸದಿಂದ ಅಡ್ಡಲಾಗಿ ಕತ್ತರಿಸಿದೆ. ಸುತ್ತಲೂ ಹದಿನೈದಿಪ್ಪತ್ತು ಚಿಗುರು ಬಂದವು. ನೆಟ್ಟಗಿದ್ದ ಒಂದನ್ನು ಹೊಸ ತುದಿಯೆಂದು ಆರಿಸಿ, ಉಳಿದವನ್ನೂ ಇಟ್ಟುಕೊಂಡು ಗುಂಡಗೆ ಕತ್ತರಿಸುತ್ತ ಬಂದಿದ್ದೇನೆ. ಕಳೆದ ವರ್ಷ ಬೋನ್ಸಾಯ್ ತಟ್ಟೆಗೂ ಹಾಕಿದೆ. ಕೊಯ್ದ ಮುಖಕ್ಕೆ ಪೈಪಿನ ಸೋರಿಕೆಗೆ ಮೆತ್ತುವ ಎಪಾಕ್ಸಿ ಮೆತ್ತಿದ್ದೆ. ಇಷ್ಟಾದರೂ ಗಾಯ ಮುಚ್ಚಿಲ್ಲ. ಹೊಸ ತುದಿ ಇರುವ ಬದಿಯಲ್ಲಿ ತುಟಿಯಂತೆ ಊದಿದೆ. ಪಶ್ಚಿಮದ ಬದಿಯ ಚಿಗುರುಗಳು ಹೋದ ಬೇಸಿಗೆಯಲ್ಲಿ ಒಣಗಿದವು, ಅಲ್ಲಿಯ ತೊಗಟೆ ಕುಗ್ಗಿದೆ. ಹೊಸ ಎಲೆ ಹಳದಿಯಾಗಿ ಬರುತ್ತಿದೆ. ದ್ರಾಕ್ಷಿ ಬೆಳೆಯುವ ನಮ್ಮ ಮಾವನವರು ಬೋರ್ಡೋ ಮುಲಾಮು ಹಚ್ಚು ಎನ್ನುತ್ತಾರೆ. ಯಾವ ಲೇಪ ಹಚ್ಚಿದರೆ ಬೇಗ ಮುಚ್ಚುತ್ತದೆ? ಮತ್ತೆ ಕತ್ತರಿಸಬೇಕೆ?
— ಓದುಗರೊಬ್ಬರು, ವಿಜಯಪುರ

ಉತ್ತರ: ನೀವು ಕೇಳಿರುವುದು ಲೇಪದ ಹೆಸರು. ಕಾಂಡದ ಗಾಯದ ಬಗ್ಗೆ ಬರೆಯುವವರೆಲ್ಲ ಕೇಳುವುದು ಅದನ್ನೇ. ನಿಮ್ಮ ಫೋಟೋಗಳನ್ನು ನೋಡಿದ ಮೇಲೆ ನನಗೆ ಅನ್ನಿಸಿದ್ದು ಬೇರೆ: ಈ ಗಾಯ ಮುಚ್ಚದಂತೆ ತಡೆದಿರುವುದು ತಿಂಗಳಿಗೊಮ್ಮೆ ನಿಮ್ಮ ಕೈಗೆ ಬರುವ ಕತ್ತರಿ. ಬೇಸರ ಮಾಡಿಕೊಳ್ಳಬೇಡಿ. ಬೆಳಗಾವಿಯ ನನ್ನ ಹಿತ್ತಲಿನಲ್ಲಿ ಇದೇ ತಪ್ಪಿನ ಗುರುತು ಹೊತ್ತ ಎರಡು ಗಿಡಗಳು ಇನ್ನೂ ನಿಂತಿವೆ. ಬಂದವರಿಗೆ ಅವುಗಳ ಒಳ್ಳೆಯ ಬದಿಯನ್ನು ಮಾತ್ರ ತೋರಿಸುತ್ತೇನೆ.

ಮೊದಲು ಒಂದು ಮಾತು ಬಿಡಿಸಿ ಹೇಳಬೇಕು. ಮರದ ಗಾಯ ನಮ್ಮ ಮೈಮೇಲಿನ ಗಾಯದಂತೆ ಮಾಯುವುದಿಲ್ಲ. ನಮ್ಮಲ್ಲಿ ಕೆಟ್ಟ ಜಾಗದಲ್ಲಿಯೇ ಹೊಸ ಚರ್ಮ ಹುಟ್ಟುತ್ತದೆ. ಮರ ಕೆಟ್ಟ ಜಾಗವನ್ನು ಅಲ್ಲಿಯೇ ಬಿಟ್ಟು, ಒಳಗಡೆ ಗೋಡೆ ಕಟ್ಟಿಕೊಂಡು, ಹೊರಗಿನಿಂದ ಹೊಸ ಕಟ್ಟಿಗೆಯನ್ನು ಅದರ ಮೇಲೆ ಹೊರಳಿಸುತ್ತದೆ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ, 1977ರಲ್ಲಿ ಇದನ್ನು ಚಿತ್ರ ಸಮೇತ ವಿವರಿಸಿದರು. ನೀವು 2 ವರ್ಷದ ಹಿಂದೆ ಕೊಯ್ದ ಆ ಮುಖ 20 ವರ್ಷದ ನಂತರವೂ ಒಳಗೆ ಹಾಗೆಯೇ ಇರುತ್ತದೆ, ಮೇಲೆ ಹೊದಿಕೆ ಬಂದಿರುತ್ತದೆ ಅಷ್ಟೆ. ಆ ಹೊದಿಕೆ ನೇಯುವುದಕ್ಕೆ ನೂಲು ಬೇಕಲ್ಲ? ಅದು ಎಲೆಯಲ್ಲಿ ತಯಾರಾಗುವ ಸಕ್ಕರೆ. ಎಲೆಯಿಂದ ಹೊರಟ ಸಕ್ಕರೆ ತೊಗಟೆಯ ಒಳಪದರದಲ್ಲಿ ಕೆಳಗಿಳಿಯುತ್ತದೆ, ಬಹುಪಾಲು ತಾನು ಹೊರಟ ಕುಡಿಯ ನೇರಕ್ಕೇ ಇಳಿಯುತ್ತದೆ. ಮೇಲೆ ಕುಡಿ ಇಲ್ಲದ ಜಾಗದ ತೊಗಟೆಗೆ ಅದು ಸರಿಯಾಗಿ ತಲುಪುವುದಿಲ್ಲ.

ಇಷ್ಟು ತಿಳಿದರೆ ನಿಮ್ಮ ಮೂರನೆಯ ಫೋಟೋ ತಾನೇ ಮಾತಾಡುತ್ತದೆ. ಪೂರ್ವದ ಬದಿಯಲ್ಲಿ ಕುಡಿಗಳ ಸಂತೆ, ಅಲ್ಲಿ ಕ್ಯಾಲಸ್, ಅಂದರೆ ಗಾಯದ ಮೇಲೆ ಹೊರಳಿ ಬರುವ ಹೊಸ ಕಟ್ಟಿಗೆ, ಊದಿ ತುಟಿಯಾಗಿದೆ. ಪಶ್ಚಿಮದಲ್ಲಿ ಕುಡಿಗಳು ಒಣಗಿದವು. ಅವು ಹೋದ ಮೇಲೆ ಅಲ್ಲಿಯ ತೊಗಟೆಗೆ ಮೇಲಿನಿಂದ ಊಟವಿಲ್ಲ, ಜೊತೆಗೆ ವಿಜಯಪುರದ ಮೇ ತಿಂಗಳ ಸಂಜೆಯ ಬಿಸಿಲು. ಕೊಯ್ಲಿನ ಅಂಚಿನಿಂದ ಸುಮಾರು 2 ಇಂಚು ಕೆಳಗಿನ ತನಕ ಸತ್ತಿರುವಂತೆ ಕಾಣುತ್ತದೆ. ಫೋಟೋದಲ್ಲಿ ಹೊಸ ತುದಿಯ ಬುಡದಿಂದ ಆ ಸತ್ತ ಭಾಗದ ಕೆಳತುದಿಗೆ ಒಂದು ಗೆರೆ ಎಳೆದು ನೋಡಿ. ಓರೆ ಗೆರೆ ಸಿಗುತ್ತದೆ. ನಾವು ಮುಂದೆ ಗರಗಸ ಹಿಡಿದು ಎಳೆಯಬೇಕಾದ ಗೆರೆಯನ್ನು ಗಿಡ ಅರ್ಧ ತಾನೇ ಎಳೆದುಕೊಟ್ಟಿದೆ.

ಅಡ್ಡಲಾಗಿ ಕೊಯ್ದದ್ದು ತಪ್ಪೇ ಎಂದರೆ, ಅಲ್ಲ. ಮೊದಲ ದಿನ ಹಾಗೆಯೇ ಕೊಯ್ಯಬೇಕು. ಸೈಪ್ರೆಸ್‌ನ ಹಳೆಯ ತೊಗಟೆಯಿಂದ ಎಲ್ಲಿ ಕಣ್ಣು ಒಡೆಯುತ್ತದೆ ಎಂದು ಯಾರೂ ಮೊದಲೇ ಹೇಳಲಾರರು. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ನನ್ನ ಮೊದಲ ಸೈಪ್ರೆಸ್ ಅನ್ನು ಒಂದೇ ದಿನದಲ್ಲಿ ಮುಗಿಸುವ ಉತ್ಸಾಹದಲ್ಲಿ, ಚಿಗುರು ಇಲ್ಲಿಯೇ ಬಂದೀತು ಎಂದು ಊಹಿಸಿ ನೇರವಾಗಿ ಓರೆ ಕೊಯ್ದೆ. ಅದೂ ಮೇ ತಿಂಗಳಲ್ಲಿ, ಮನೆಗೆ ನೆಂಟರು ಬರುವ ಮುಂಚೆ ಗಿಡ ಚೆಂದ ಕಾಣಲಿ ಎಂದು. ಚಿಗುರು ಓರೆಯ ಮೇಲ್ತುದಿಯಲ್ಲಿ ಬರಲಿಲ್ಲ, ಕೆಳತುದಿಯಲ್ಲಿ ಬಂತು. ಮೇಲ್ತುದಿಯ ಚೂಪು ಭಾಗ ಮಳೆಗಾಲ ಬರುವಷ್ಟರಲ್ಲಿ ಒಣಗಿ ಕಟ್ಟಿಗೆಯಾಯಿತು, ಆ ಒಣಗು ಒಂದು ಪಟ್ಟಿಯಾಗಿ ಮಣ್ಣಿನ ತನಕ ಇಳಿಯಿತು. ಆ ಗಿಡವೇ ನಾನು ಒಳ್ಳೆಯ ಬದಿ ಮಾತ್ರ ತೋರಿಸುವ ಎರಡರಲ್ಲಿ ಒಂದು. ನಿಮ್ಮಿಂದ ಆದ ತಪ್ಪು ಬೇರೆ. ಚಿಗುರು ಬಂದ ಮೇಲೆ ಮೊದಲ ಮಳೆಗಾಲದಲ್ಲಿಯೇ ಎರಡು ಮೂರನ್ನು ಉಳಿಸಿ ಬಾಕಿಯವನ್ನು ಹೆಬ್ಬೆರಳಿನಿಂದ ಉಜ್ಜಿ ತೆಗೆಯಬೇಕಿತ್ತು, ತುದಿಕುಡಿಯನ್ನು ಮುಟ್ಟದೆ ಬಿಡಬೇಕಿತ್ತು. ಒಂದೇ ಮಟ್ಟದಲ್ಲಿ ಹತ್ತು ಕುಡಿ ಉಳಿದರೆ ಆ ಮಟ್ಟದಲ್ಲಿ ಕಾಂಡ ಊದಿ ಬುಡಕ್ಕಿಂತ ಮೇಲೆಯೇ ದಪ್ಪವಾಗುತ್ತದೆ. ಬೋನ್ಸಾಯ್‌ನಲ್ಲಿ ಅದಕ್ಕಿಂತ ಕೆಟ್ಟದ್ದು ಇಲ್ಲ. ಎರಡು ವರ್ಷವಾದರೂ ತುದಿಕುಡಿ ಪೆನ್ಸಿಲ್‌ನಷ್ಟೇ ಇದೆ. ಮುಕ್ತವಾಗಿ ಬಿಟ್ಟಿದ್ದರೆ ಅದು ಈಗ ಹೆಬ್ಬೆರಳಿನ ದಪ್ಪವಾದರೂ ಇರುತ್ತಿತ್ತು.

ನಿಮ್ಮ ಮಾವನವರಿಗೆ ಇದು ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ. ಏಪ್ರಿಲ್ ಚಾಟನಿಯ (ಬಳ್ಳಿ ಸವರುವ ಕೆಲಸದ) ನಂತರ ಕಡ್ಡಿ ಬಲಿಯಲು ಬಿಡದೆ ತಿಂಗಳಿಗೊಮ್ಮೆ ಬಳ್ಳಿಯನ್ನು ಬೋಳಿಸಿದರೆ ಅಕ್ಟೋಬರ್ ಚಾಟನಿಯ ಹೊತ್ತಿಗೆ ಆ ಕಡ್ಡಿಯಲ್ಲಿ ಏನಿರುತ್ತದೆ ಎಂದು ಅವರನ್ನು ಕೇಳಿ ನೋಡಿ.

ಈಗ ನವೆಂಬರ್ ಕೊನೆ. ಸದ್ಯಕ್ಕೆ ಎಪಾಕ್ಸಿ ಒಂದನ್ನು ಕಿತ್ತು, ಬೇರೇನೂ ಮಾಡಬೇಡಿ. ಎಪಾಕ್ಸಿ ಕಲ್ಲಿನಂತೆ ಗಟ್ಟಿ; ಹೊರಳಿ ಬರುವ ಕ್ಯಾಲಸ್ ಅದಕ್ಕೆ ಹಣೆ ಹಚ್ಚಿ ನಿಂತು ಮೇಲಕ್ಕೆ ಊದುತ್ತದೆ. ಕೆಳಗೆ ನೀರು ಕೂತಿದ್ದರೆ ಕೊಳೆತವೂ ಇರಬಹುದು. ಉಳಿಯ ಮೂಲೆಯಿಂದ ನಿಧಾನವಾಗಿ ಎಬ್ಬಿಸಿದರೆ ಹಪ್ಪಳದಂತೆ ಏಳುತ್ತದೆ. ಜೀವಂತ ತುಟಿಯ ಮೇಲೆ ಅಂಟಿದ್ದನ್ನು ಮಾತ್ರ ಬಲವಂತ ಮಾಡಬೇಡಿ. ಆಮೇಲೆ ಪಶ್ಚಿಮದ ತೊಗಟೆಯನ್ನು ಚಾಕುವಿನ ಹಿಡಿಯಿಂದ ಮೆಲ್ಲಗೆ ತಟ್ಟುತ್ತ ಕೆಳಗೆ ಬನ್ನಿ. ಸತ್ತ ಕಡೆ ಟೊಳ್ಳು ಸದ್ದು, ಬದುಕಿದ ಕಡೆ ಮಂದ ಸದ್ದು. ಅನುಮಾನವಿದ್ದಲ್ಲಿ ಉಗುರಿನಷ್ಟು ಜಾಗ ಕೆರೆಯಿರಿ. ಗೋಣಿಯ ನಾರಿನಂತಹ ಕೆಂಪು ಹೊರತೊಗಟೆಯ ಕೆಳಗೆ ತೆಳು ಹಸಿರು, ಅದರ ಕೆಳಗೆ ಹಸಿಯಾದ ಕೆನೆಬಣ್ಣ ಕಂಡರೆ ಜೀವವಿದೆ. ಚಹಾಪುಡಿಯ ಬಣ್ಣ ಕಂಡರೆ ಮುಗಿದಿದೆ. ಎರಡರ ಗಡಿಯನ್ನು ಸೀಮೆಸುಣ್ಣದಿಂದ ಗುರುತಿಸಿ ಫೋಟೋ ತೆಗೆದಿಡಿ. ಡಿಸೆಂಬರ್, ಜನವರಿಯಲ್ಲಿ ಎಲೆ ತುಕ್ಕಿನ ಬಣ್ಣಕ್ಕೆ ತಿರುಗಿ, ಎಲೆ ಹೊತ್ತ ಸಣ್ಣ ಕಡ್ಡಿಗಳ ಸಮೇತ ಉದುರುತ್ತದೆ. ‘ಬೋಳು’ ಸೈಪ್ರೆಸ್ ಎಂಬ ಹೆಸರು ಬಂದದ್ದೇ ಹಾಗೆ. ನಮ್ಮ ಚಳಿ ಅದರ ತವರಿನ ಚಳಿಯಲ್ಲವಾದ್ದರಿಂದ ಅರ್ಧ ಉದುರಿ ಅರ್ಧ ಉಳಿಯುವುದೂ ಉಂಟು, ಗಾಬರಿ ಬೇಡ.

ಜನವರಿ ಕೊನೆಗೆ ಕಣ್ಣುಗಳು ಉಬ್ಬತೊಡಗಿದಾಗ ಕೆಲಸ. ಆದರೆ ಇಲ್ಲಿ ಆತುರಕ್ಕೆ ಲಗಾಮು ಹಾಕಬೇಕು. ಇಡೀ ಓರೆ ಕೊಯ್ಲನ್ನು ಈ ಫೆಬ್ರುವರಿಯಲ್ಲಿಯೇ ಮಾಡಬಹುದೇ ಎಂದರೆ, ನಾನಾದರೆ ಮಾಡುವುದಿಲ್ಲ. ಪೆನ್ಸಿಲ್ ದಪ್ಪದ ಒಂದೇ ಕುಡಿ 3 ಇಂಚಿನ ಕಾಂಡದ ಗಾಯವನ್ನು ಸಾಕಲಾರದು. ಈ ಸಲ ಸತ್ತ ಕಟ್ಟಿಗೆಯನ್ನು ಮಾತ್ರ ತೆಗೆಯಿರಿ, ಸತ್ತದ್ದನ್ನು ತೆಗೆದರೆ ಗಿಡಕ್ಕೆ ಯಾವ ಖರ್ಚೂ ಇಲ್ಲ. ಸೀಮೆಸುಣ್ಣದ ಗೆರೆಗಿಂತ ಅರ್ಧ ಇಂಚು ಮೊದಲೇ, ಸತ್ತ ಭಾಗದಲ್ಲಿಯೇ ನಿಲ್ಲಿಸಿ. ಅದೇ ದಿನ ಗಿಡವನ್ನು ಬೋನ್ಸಾಯ್ ತಟ್ಟೆಯಿಂದ ಬಿಡಿಸಿ ದೊಡ್ಡ ಟಬ್‌ಗೆ ಹಾಕಿ. ಬಟ್ಟೆ ನೆನೆಸುವ ಪ್ಲಾಸ್ಟಿಕ್ ಟಬ್, 18 ಇಂಚು ಅಗಲ, 10 ಇಂಚು ಆಳ, ತಳದಲ್ಲಿ ಹತ್ತು ತೂತು, ಇಷ್ಟು ಸಾಕು. ತಟ್ಟೆ ಎಂಬುದು ಮುಗಿದ ಗಿಡದ ಮನೆ. ಅದರಲ್ಲಿ ಬೇರಿಗೆ ಜಾಗವಿಲ್ಲ, ಬೇರಿಗೆ ಜಾಗವಿಲ್ಲದಿದ್ದರೆ ಎಲೆಗೆ ಬಲವಿಲ್ಲ, ಆಮೇಲೆ ಗಾಯದ ಮಾತೇ ಇಲ್ಲ. ಮಣ್ಣಿಗೆ ಜರಡಿ ಹಿಡಿದ ಇಟ್ಟಿಗೆ ಚೂರು, ದಪ್ಪ ಮರಳು, ಚೆನ್ನಾಗಿ ತೊಳೆದ ತೆಂಗಿನ ನಾರಿನ ಪುಡಿ, ಕಾಲು ಭಾಗ ಹಳೆಯ ಗೊಬ್ಬರ. ನಿಮ್ಮ ಊರಿನ ಎರೆ ಮಣ್ಣು ಜೋಳಕ್ಕೆ ಬಂಗಾರ, ಈ ಗಿಡಕ್ಕೆ ಬೇಡ. ಅದರೊಳಗಿನ ಸುಣ್ಣದ ಹರಳು ಏನು ಮಾಡುತ್ತದೆ ಎಂದು ಮುಂದೆ ಹೇಳುತ್ತೇನೆ.

ಕುಡಿಗಳಲ್ಲಿ ತುದಿಕುಡಿಯ ಜೊತೆ ಒಂದನ್ನೋ ಎರಡನ್ನೋ ಬಿಟ್ಟು ಉಳಿದದ್ದನ್ನೆಲ್ಲ ತೆಗೆಯಿರಿ. ತುದಿಕುಡಿಯ ಬುಡಕ್ಕೆ 2.5 ಮಿಲಿಮೀಟರ್ ಅಲ್ಯೂಮಿನಿಯಂ ತಂತಿ ಸುತ್ತಿ, ಅದು ಕಾಂಡದಿಂದ ಹೊರಗೆ ಚಾಚದೆ ಕಾಂಡದ ಮುಂದುವರಿಕೆಯಂತೆ ಮೇಲೇಳುವಂತೆ ಬಾಗಿಸಿ. ಸೈಪ್ರೆಸ್‌ನ ಕುಡಿ ಬುಡದಲ್ಲಿ ಮೊದಲು ಬಲಿಯುತ್ತದೆ. ಹಾಗಾಗಿ ಆ ಮೊದಲ 2 ಇಂಚು ಯಾವ ಕೋನದಲ್ಲಿ ನಿಂತಿತೋ ಜೀವಮಾನವಿಡೀ ಅದೇ ಕೋನ. ಬೆಳೆಯುವ ಕಾಲದಲ್ಲಿ ತಂತಿ ಒಂದು ತಿಂಗಳಲ್ಲಿಯೇ ತೊಗಟೆಗೆ ಕಚ್ಚುತ್ತದೆ. ಭಾನುವಾರಕ್ಕೊಮ್ಮೆ ನೋಡಿ, ಕಚ್ಚುವ ಸೂಚನೆ ಕಂಡ ತಕ್ಷಣ ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ, ಬಿಚ್ಚಲು ಹೋಗಬೇಡಿ.

ಆಮೇಲೆ ಕತ್ತರಿಯನ್ನು ಒಂದು ವರ್ಷ ಬೀರುವಿನಲ್ಲಿಟ್ಟು ಬೀಗ ಹಾಕಿ. ಕುಡಿ 5 ಅಡಿ, 6 ಅಡಿ ಹೋಗಲಿ. ನೋಡಲು ವಿಕಾರವಾಗುತ್ತದೆ, ಮನೆಗೆ ಬಂದವರು ಇದೆಂತಹ ಬೋನ್ಸಾಯ್ ಎನ್ನುತ್ತಾರೆ, ಎನ್ನಲಿ. ಜೂನ್, ಜುಲೈನ ಗಾಳಿಗೆ ಮುರಿಯದಂತೆ ಒಂದು ಬಿದಿರಿನ ಕೋಲು ನೆಟ್ಟು ಹಗುರಾಗಿ ಕಟ್ಟಿ. ಅಷ್ಟೆತ್ತರದ ಎಲೆಗಳಿಂದ ಇಳಿಯುವ ಸಕ್ಕರೆಯೇ ನೀವು ಹುಡುಕುತ್ತಿರುವ ಲೇಪ.

ಅದರ ಮುಂದಿನ ಫೆಬ್ರುವರಿಯಲ್ಲಿ, ಕುಡಿ ಹೆಬ್ಬೆರಳಿನಷ್ಟು ದಪ್ಪವಾಗಿದ್ದರೆ ಮಾತ್ರ, ಓರೆ ಕೊಯ್ಲು. ತುದಿಕುಡಿಯ ಬುಡಕ್ಕಿಂತ ಒಂದು ಬೆರಳು ಮೇಲಿನಿಂದ ಶುರುಮಾಡಿ ಎದುರು ಬದಿಗೆ 4 ಇಂಚು ಕೆಳಗೆ ಮುಗಿಯಬೇಕು. ಗರಗಸ ಇಡುವ ಮುಂಚೆ ಚೂಪಾದ ಚಾಕುವಿನಿಂದ ಗೆರೆಯ ಉದ್ದಕ್ಕೂ ತೊಗಟೆಯನ್ನು ಕಟ್ಟಿಗೆ ಸಿಗುವ ತನಕ ಕೊಯ್ದುಕೊಳ್ಳಿ. ಇದನ್ನು ಬಿಟ್ಟರೆ ಸೈಪ್ರೆಸ್‌ನ ನಾರು ತೊಗಟೆ ಗರಗಸದ ಕೊನೆಯ ಎಳೆತಕ್ಕೆ ಸಿಕ್ಕಿ, ಬಾಳೆಯ ಪಟ್ಟೆ ಸೀಳಿದಂತೆ ಕೆಳಗಿನ ತನಕ ಸೀಳಿಕೊಂಡು ಬರುತ್ತದೆ. ಗಾಯದ ಆಕಾರ ಬಾದಾಮಿಯಂತೆ ಇರಲಿ, ಮೇಲೆ ಕೆಳಗೆ ಎರಡೂ ಕಡೆ ಚೂಪು. ಹೊಸ ಕಟ್ಟಿಗೆ ಎರಡು ಪಕ್ಕಗಳಿಂದ ಬೇಗ ಬರುತ್ತದೆ, ಕೆಳಗಿನಿಂದ ಬರುವುದು ಬಹಳ ನಿಧಾನ. ಕೆಳಗಿನ ಅಂಚು ಅಗಲವಾಗಿದ್ದರೆ ಅಲ್ಲಿಯ ತೊಗಟೆ ಮತ್ತೆ ಹಸಿದು ಸಾಯುತ್ತದೆ. ಆ ಕೆಳತುದಿಯ ಹತ್ತಿರ ಒಂದು ಸಣ್ಣ ಕುಡಿ ಹುಟ್ಟಿದರೆ ದೇವರು ಕೊಟ್ಟದ್ದು ಎಂದುಕೊಂಡು ಒಂದೆರಡು ವರ್ಷ ಉಳಿಸಿಕೊಳ್ಳಿ. ಆ ಮೂಲೆಗೆ ರಸ ಎಳೆದು ಜೀವ ಹಿಡಿದಿಡುವುದು ಅದೇ. ಅದು ದಪ್ಪವಾಗಿ ಬುಗುಟು ಎಬ್ಬಿಸುವ ಮುಂಚೆ ತೆಗೆದರಾಯಿತು.

ಗರಗಸದ ಕೆಲಸ ಹತ್ತು ನಿಮಿಷ, ಅಂಚಿನ ಕೆಲಸ ಒಂದು ಗಂಟೆ. ದುಂಡು ಉಳಿಯಿಂದ ಕಟ್ಟಿಗೆಯನ್ನು ಒಳಕ್ಕೆ ಕೊರೆದು, ಮುಖ ಚಪ್ಪಟೆಯಾಗಿರದೆ ಸೌಟಿನಂತೆ ಸ್ವಲ್ಪ ಕುಳಿಯಾಗಿರುವಂತೆ ಮಾಡಬೇಕು. ತೊಗಟೆಯ ಅಂಚಿನಿಂದ ಒಳಗೆ ಕಾಲು ಇಂಚು ಆಳ ಸಾಕು. ಹೊರಳಿ ಬರುವ ಕಟ್ಟಿಗೆಗೆ ಅದರದೇ ದಪ್ಪವಿದೆ. ಚಪ್ಪಟೆ ಮುಖದ ಮೇಲೆ ಬಂದರೆ ಬೆಟ್ಟದಂತೆ ಉಬ್ಬುತ್ತದೆ, ಕುಳಿಯೊಳಗೆ ಇಳಿದರೆ ಕಾಂಡದ ಮಟ್ಟಕ್ಕೆ ಸರಿಯಾಗಿ ಕೂರುತ್ತದೆ. ಕೊನೆಗೆ ಅಂಚು. ಇದಕ್ಕೆ ನನ್ನ ಹತ್ತಿರ ಇರುವುದು ನಮ್ಮ ಬೆಳಗಾವಿಯ ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಹಳೆಯ ಹ್ಯಾಕ್‌ಸಾ ಬ್ಲೇಡ್ ಸಾಣೆ ಹಿಡಿಸಿ ಮಾಡಿಸಿಕೊಂಡ ಚಾಕು, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ್ದೇನೆ. ಜಪಾನಿನ ಉಪಕರಣಗಳ ಪೆಟ್ಟಿಗೆ ಕಪಾಟಿನಲ್ಲಿದೆ, ಕೈ ಮಾತ್ರ ಇದರ ಕಡೆಗೇ ಹೋಗುತ್ತದೆ. ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ತೊಗಟೆಯ ಅಂಚಿನ ಉದ್ದಕ್ಕೂ ಒಂದೇ ಎಳೆತದಲ್ಲಿ ಕೂದಲಿನಷ್ಟು ತೆಳುವಾಗಿ ಹೆರೆಯಿರಿ. ಗರಗಸ ಬಿಟ್ಟ ಜುಂಗು ಹೋಗಿ, ತೊಗಟೆ ಮತ್ತು ಕಟ್ಟಿಗೆಯ ನಡುವೆ ಹಸಿಯಾದ ಒಂದು ಗೆರೆ ಮುಖದ ಸುತ್ತಲೂ ಎಲ್ಲಿಯೂ ತುಂಡಾಗದೆ ಕಾಣಬೇಕು. ಆ ಗೆರೆಯೇ ಕ್ಯಾಂಬಿಯಂ, ಹೊದಿಕೆ ಹುಟ್ಟುವ ಜಾಗ. ಬೆರಳಿನಿಂದ ಮುಟ್ಟಿದರೆ ಜಾರುತ್ತದೆ, ಮೂಸಿದರೆ ರಾಳದ ವಾಸನೆ.

ಈಗ ಲೇಪದ ಮಾತು. ಲೇಪದ ಕೆಲಸ ಆ ಹಸಿ ಗೆರೆ ಒಣಗದಂತೆ ಕಾಯುವುದು, ಅಷ್ಟೆ. ಜಪಾನಿನ ಪುಟ್ಟಿಯಂತಹ ಕಟ್ ಪೇಸ್ಟ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಅಂಚಿನ ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಅಲ್ಯೂಮಿನಿಯಂ ಹಾಳೆ ಹೊದಿಸಿ ಕಟ್ಟಿದರೂ ನಡೆಯುತ್ತದೆ. ಜೇನುಮೇಣಕ್ಕೆ ಹರಳೆಣ್ಣೆ ಬೆರೆಸಿ ಕಾಯಿಸಿ ಆರಿಸಿದ ಮುಲಾಮನ್ನು ನಾನು ಹೆಚ್ಚು ಬಳಸುತ್ತೇನೆ. ಚಳಿಯಲ್ಲಿ ಮೆದುವಾಗಿರುತ್ತದೆ, ಕ್ಯಾಲಸ್ ಬಂದ ಹಾಗೆ ತಾನೇ ಸರಿದು ಜಾಗ ಕೊಡುತ್ತದೆ, ಆದರೆ ನಿಮ್ಮ ಕಡೆಯ ಏಪ್ರಿಲ್‌ನಲ್ಲಿ ಕರಗಿ ಇಳಿಯುವುದೂ ನಿಜ. ಡಾಂಬರು, ಎನಾಮೆಲ್ ಬಣ್ಣ, ಎಪಾಕ್ಸಿ ಯಾವುದೂ ಬೇಡ. ನಿಮ್ಮ ಮಾವನವರ ಬೋರ್ಡೋ ಮುಲಾಮಿಗೂ ಕೆಲಸವಿದೆ: ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 10 ಲೀಟರ್ ಎಂಬ ಅವರ ಲೆಕ್ಕದಲ್ಲಿಯೇ ಒಂದು ಬಟ್ಟಲಿನಷ್ಟು ಮಾಡಿಕೊಂಡು ಕುಳಿಯ ಒಳಗಿನ ಬರಿ ಕಟ್ಟಿಗೆಗೆ ಬಳಿಯಿರಿ. ಶಿಲೀಂಧ್ರಕ್ಕೆ ಅದು ಒಳ್ಳೆಯ ಕಾವಲು. ಒಣಗಿದರೆ ಸುಣ್ಣದಂತೆ ಬಿರುಕು ಬಿಡುವುದರಿಂದ ಅಂಚಿನ ಹಸಿ ಗೆರೆಗೆ ಮಾತ್ರ ತಾಗಿಸಬೇಡಿ.

‘ಸೈಪ್ರೆಸ್ ಕಟ್ಟಿಗೆ ಕೊಳೆಯುವುದಿಲ್ಲವಲ್ಲ, ಸುಮ್ಮನೆ ಬಿಟ್ಟರಾಗದೇ’ ಎಂದು ಕೆಲವರು ಕೇಳುತ್ತಾರೆ. ಕೊಳೆಯದು ಎಂಬ ಖ್ಯಾತಿ ಶತಮಾನಗಳ ಕಾಲ ಬೆಳೆದ ಮರದ ಚೇಗಿನದು. ತಾರಸಿಯ ಎಳೆಯ ಗಿಡದ ಕಾಂಡದಲ್ಲಿ ಬಹುಪಾಲು ಹೊರಗಿನ ಬಿಳಿ ಕಟ್ಟಿಗೆಯೇ, ಅದು ಎಲ್ಲ ಕಟ್ಟಿಗೆಯಂತೆ ಕೊಳೆಯುತ್ತದೆ, ಗೆದ್ದಲಿಗೂ ರುಚಿಸುತ್ತದೆ.

ಒಮ್ಮೆ ಕೊಯ್ದರೆ ಮುಗಿಯಲಿಲ್ಲ. ಹೊರಳುವ ತುಟಿ ಸ್ವಲ್ಪ ಕಾಲದ ನಂತರ ದುಂಡಗಾಗಿ, ಮೇಲೆ ತೊಗಟೆ ಬೆಳೆಸಿಕೊಂಡು, ಇನ್ನು ಸಾಕು ಎಂಬಂತೆ ಕೂತುಬಿಡುತ್ತದೆ. ವರ್ಷಕ್ಕೊಮ್ಮೆ, ಗಿಡ ಜೋರಾಗಿದ್ದರೆ ಮಳೆಗಾಲದ ಆರಂಭದಲ್ಲಿ ಇನ್ನೊಮ್ಮೆ, ತುಟಿಯ ಒಳ ಅಂಚನ್ನು ಒಂದೆರಡು ಮಿಲಿಮೀಟರ್ ಹೆರೆದು ಹಸಿರು ಕಾಣಿಸಿ ಮತ್ತೆ ಮುಲಾಮು ಹಚ್ಚಿ. ಎಚ್ಚರಿಸಿದ ಅಂಚು ಮತ್ತೆ ಓಡುತ್ತದೆ. ಜೂನ್‌ನಲ್ಲಿ ತೊಗಟೆ ಕಟ್ಟಿಗೆಯಿಂದ ಸಲೀಸಾಗಿ ಜಾರುತ್ತದೆ, ಆದ್ದರಿಂದ ಚಾಕುವನ್ನು ತೊಗಟೆಯಿಂದ ಕಟ್ಟಿಗೆಯ ಕಡೆಗೇ ಎಳೆಯಬೇಕು, ಒಳಗಿನಿಂದ ಹೊರಗೆ ಎಬ್ಬಿಸಿದರೆ ಸುಲಿದು ಬರುತ್ತದೆ. ಎಲೆ ಹಳದಿಯಿರುವ ವರ್ಷ ಈ ಕೆಲಸಕ್ಕೆ ರಜೆ.

ಹಳದಿ ಎಂದೊಡನೆ ನಿಮ್ಮ ನೀರು ನೆನಪಾಯಿತು. ಹಳೆಯ ಎಲೆ ಹಸಿರಾಗಿದ್ದು ತುದಿಯ ಹೊಸ ಎಲೆ ಮಾತ್ರ ಬಿಳಿಚಿದ ಹಳದಿಯಾಗಿದೆ ಎಂದರೆ ಹೆಚ್ಚಾಗಿ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಗಡಸು ಬೋರ್‌ವೆಲ್ ನೀರು ಮತ್ತು ಸುಣ್ಣದ ಹರಳು ಸೇರಿ ಮಣ್ಣನ್ನು ಕ್ಷಾರವಾಗಿಸಿದರೆ ಕಬ್ಬಿಣ ಇದ್ದೂ ಬೇರಿಗೆ ಸಿಗುವುದಿಲ್ಲ. ಈ ಗಿಡದ ತವರು ಅಮೆರಿಕದ ಆಗ್ನೇಯ ಭಾಗದ ಜೌಗು ನೆಲ, ಅಲ್ಲಿಯ ಹುಳಿ ಮಣ್ಣಿಗೆ ಒಗ್ಗಿದ ಬಾಯಿಗೆ ನಿಮ್ಮ ಉಪ್ಪು ನೀರು ಹಿಡಿಸುವುದಿಲ್ಲ. ಮಳೆಗಾಲದಲ್ಲಿ ಒಂದೆರಡು ಡ್ರಮ್ ತಾರಸಿಯ ನೀರು ಹಿಡಿದಿಡಿ. ಅದು ಮುಗಿದ ಮೇಲೆ ಬೋರ್ ನೀರೇ ಗತಿಯಾದರೆ ಕಬ್ಬಿಣವನ್ನು ಇಡಿಡಿಎಚ್‌ಎ ರೂಪದ ಚೀಲೇಟ್ ಆಗಿ, ಅಂದರೆ ಬೇರಿಗೆ ಸಿಗುವಂತೆ ಹಿಡಿದಿಟ್ಟ ರೂಪದಲ್ಲಿ ಕೊಡಿ. ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಇಡಿಟಿಎ ರೂಪ ಕ್ಷಾರ ಮಣ್ಣಿನಲ್ಲಿ ನಿಲ್ಲುವುದಿಲ್ಲ. ದ್ರಾಕ್ಷಿಗೆ ಔಷಧಿ ತರುವ ಅಂಗಡಿಯಲ್ಲಿ ಹೆಸರು ಹೇಳಿ ಕೇಳಿದರೆ ಕೊಡುತ್ತಾರೆ, ಕವರಿನ ಮೇಲಿನ ಪ್ರಮಾಣವನ್ನು ಮೀರಬೇಡಿ. ಏಪ್ರಿಲ್, ಮೇನಲ್ಲಿ ಟಬ್ಬನ್ನು 2 ಇಂಚು ನೀರಿನ ತಟ್ಟೆಯಲ್ಲಿ ನಿಲ್ಲಿಸಬಹುದು, ಬೇರೆ ಗಿಡ ಕೊಳೆಯುವಲ್ಲಿ ಇದು ಕುಣಿಯುತ್ತದೆ. ಆದರೆ ತಟ್ಟೆಯ ನೀರು ಆರಿದಂತೆ ಉಪ್ಪು ಉಳಿಯುತ್ತದೆ. ವಾರಕ್ಕೊಮ್ಮೆ ಚೆಲ್ಲಿ, ಮೇಲಿನಿಂದ ಧಾರಾಳವಾಗಿ ನೀರು ಹಾಯಿಸಿ ತೊಳೆಯಿರಿ. ಸೊಳ್ಳೆಯ ಕಾಟವೂ ಅದರಿಂದಲೇ ತಪ್ಪುತ್ತದೆ. ಮಾರ್ಚ್‌ನಿಂದ ಮಳೆ ಬೀಳುವ ತನಕ ಪಶ್ಚಿಮಕ್ಕೆ ಒಂದು 50 ಪ್ರತಿಶತದ ನೆರಳು ಪರದೆ, ಕಾಂಡದ ಆ ಬದಿಗೆ ಒದ್ದೆ ಗೋಣಿ.

ಎಷ್ಟು ವರ್ಷ ಬೇಕು ಎಂಬುದನ್ನು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನನ್ನ ಟಬ್‌ಗಳಲ್ಲಿ ಪ್ರತಿ ಪಕ್ಕದಿಂದ ವರ್ಷಕ್ಕೆ ಕಾಲು ಇಂಚು ಬಂದರೆ ಅದು ಒಳ್ಳೆಯ ವರ್ಷ. ನಿಮ್ಮ ಕಾಂಡದ ಅಗಲ ಅಲ್ಲಿ 3 ಇಂಚು. ಲೆಕ್ಕ ಹಾಕಿದರೆ 6 ವರ್ಷ, ಮಧ್ಯೆ ಒಂದೆರಡು ಬರಗಾಲ ಸೇರಿಸಿದರೆ 8. ಯಾರದಾದರೂ ಹೊಲದ ಬದುವಿನಲ್ಲಿ ನೀರು ನಿಲ್ಲುವ ಜಾಗದಲ್ಲಿ, ಸುಣ್ಣ ಕಡಿಮೆಯಿರುವ ಮಣ್ಣು ತುಂಬಿ, ನೆಲಕ್ಕೆ ನೆಟ್ಟರೆ ಅರ್ಧ ಕಾಲದಲ್ಲಿ ಆಗಬಹುದು. ಉತ್ತರ ಕ್ಯಾರೊಲಿನಾದ ಬ್ಲ್ಯಾಕ್ ನದಿಯ ಬದಿಯಲ್ಲಿ ಇದೇ ಜಾತಿಯ ಒಂದು ಮರದ ಉಂಗುರ ಎಣಿಸಿ ಕನಿಷ್ಠ 2624 ವರ್ಷ ಎಂದು 2019ರಲ್ಲಿ ಪ್ರಕಟಿಸಿದರು. ಅದರ ಮುಂದೆ ನಮ್ಮ 8 ವರ್ಷ ಎಷ್ಟು ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ, ನನ್ನ ಮನೆಯವರು ಮಾತ್ರ ಒಪ್ಪುವುದಿಲ್ಲ.

ತುದಿಕುಡಿ ಒಂದೂವರೆ ಇಂಚು ದಪ್ಪವಾದಾಗ, ಅಂದರೆ ಅದು ಹುಟ್ಟಿದ ಜಾಗದ ಕಾಂಡದ ಅರ್ಧದಷ್ಟಾದಾಗ, 4–5 ಇಂಚು ಬಿಟ್ಟು ಕತ್ತರಿಸಿ ಇದೇ ಆಟವನ್ನು ಚಿಕ್ಕದಾಗಿ ಮತ್ತೆ ಆಡಬೇಕು. ಆಗ ಬುಡದಿಂದ ತುದಿಗೆ ಕಾಂಡ ಸಹಜವಾಗಿ ಸಣ್ಣಗಾಗುತ್ತ ಹೋಗುತ್ತದೆ. ಗಾಯದ ಮುಖವನ್ನು ಹಿಂದಕ್ಕೆ ತಿರುಗಿಸಿ ಅಡಗಿಸಬೇಕೆಂದು ಬಹಳ ಜನ ಹೇಳುತ್ತಾರೆ. ಪೂರ್ತಿ ಮುಚ್ಚುವ ನಂಬಿಕೆಯಿದ್ದರೆ ನಾನು ಮುಂದಕ್ಕೇ ಇಡುತ್ತೇನೆ, ಏಕೆಂದರೆ ಆ ಓರೆ ಎದುರಿನಿಂದ ಕಂಡಾಗಲೇ ಕಾಂಡ ಸಪೂರವಾಗುವ ಚೆಲುವು ಕಣ್ಣಿಗೆ ಸಿಗುವುದು. ಮುಚ್ಚದೇ ಹೋದರೆ? ಆ ಕುಳಿಯನ್ನು ಇನ್ನೂ ಆಳಕ್ಕೆ ಕೊರೆದು, ಕೆಳಗೆ ನೀರು ಹರಿದುಹೋಗಲು ಒಂದು ದಾರಿ ಬಿಟ್ಟು, ಸಿಡಿಲು ಬಡಿದ ಪೊಟರೆಯ ಮರ ಮಾಡಬಹುದು. ಜೌಗಿನ ಮುದಿ ಸೈಪ್ರೆಸ್‌ಗಳು ಎಷ್ಟೋ ಪೊಳ್ಳಾಗಿಯೇ ನಿಂತಿರುತ್ತವೆ, ಅವುಗಳ ತಲೆಯೂ ಚೂಪಾಗಿರದೆ ಕೊಡೆ ಬಿಚ್ಚಿದಂತೆ ಚಪ್ಪಟೆ. ನ್ಯೂ ಓರ್ಲಿಯನ್ಸ್‌ನ ವಾನ್ ಬ್ಯಾಂಟಿಂಗ್ ಆ ಚಪ್ಪಟೆ ತಲೆಯನ್ನೇ ಬೋನ್ಸಾಯ್‌ನ ಒಂದು ಶೈಲಿಯಾಗಿ ನಿಲ್ಲಿಸಿದವರು. ನಿಮ್ಮ ಗಿಡಕ್ಕೂ ಅದು ಹೊಂದುತ್ತದೆ ಎಂದು ನನಗೆ ಅನ್ನಿಸುತ್ತದೆ, ಆದರೆ ಆ ತೀರ್ಮಾನಕ್ಕೆ ಇನ್ನೂ ನಾಲ್ಕು ವರ್ಷ ಇದೆ.

ಸದ್ಯಕ್ಕೆ ಎಪಾಕ್ಸಿ ಕಿತ್ತ ಮೇಲಿನ ಒಂದು ಫೋಟೋ ಮತ್ತು ಸೀಮೆಸುಣ್ಣದ ಗೆರೆಯ ಒಂದು ಫೋಟೋ ಕಳಿಸಿ. ಗಾಯದ ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯ ಇಟ್ಟು ತೆಗೆಯಿರಿ, ಅಳತೆ ಗೊತ್ತಾಗುತ್ತದೆ. ಕಣ್ಣು ಉಬ್ಬಿದ ವಾರ ಬರೆದರೆ ಆ ಗೆರೆ ಎಲ್ಲಿ ನಿಲ್ಲಬೇಕೆಂದು ನೋಡಿ ಹೇಳುತ್ತೇನೆ.